ಯಾರ ಹೆಸರಿನ ಸಾಲ?

ಗದಗಿನ ಹತ್ತಿರದ ಕಣಗಿನಹಾಳದ ಹೆಸರು ನಮ್ಮ ಕಡೆಯ ಶಾಲೆಯ ಮಕ್ಕಳಿಗೆಲ್ಲ ಬಾಯಿಪಾಠ. 1905ರ ಮೇ 8ರಂದು ಅಲ್ಲಿ ಭಾರತದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಹುಟ್ಟಿತು, ಅದನ್ನು ಕಟ್ಟಿದವರು ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಎಂದು ನಾವೂ ಓದಿದ್ದೆವು, ನಮ್ಮ ಮಕ್ಕಳೂ ಓದಿದರು. ಮುಂಡರಗಿಯವರಾದ ನಮಗೆ ಅದು ನೆರೆಮನೆಯ ಹೆಮ್ಮೆ. ಮೊದಲು ಎಲ್ಲವೂ ಧಾರವಾಡ ಜಿಲ್ಲೆಯೇ ಆಗಿತ್ತು. 1997ರಲ್ಲಿ ಗದಗ ಬೇರೆ ಜಿಲ್ಲೆಯಾದ ಮೇಲಂತೂ ಆ ಹೆಮ್ಮೆ ಇನ್ನೂ ಹತ್ತಿರ ಬಂತು. ಆದರೆ ಒಂದು ಪ್ರಶ್ನೆ ನನಗೆ ಹುಟ್ಟಿದ್ದು ಸಂಸಾರದಲ್ಲಿ ಮೂವತ್ತು ವರ್ಷ ಲೆಕ್ಕ ಬರೆದ ಮೇಲೆಯೇ. ಆ ಸಂಘದಲ್ಲಿ ಗೌಡರು, ರೈತರು ಸಾಲ ತೆಗೆದರು, ತೀರಿಸಿದರು. ಅವರ ಮನೆಯ ಹೆಣ್ಣುಮಕ್ಕಳು ಎಲ್ಲಿ ಸಾಲ ತೆಗೆದರು?

ಸಂಘ ಯಾಕೆ ಬೇಕಾಯಿತು ಎಂಬುದನ್ನು ಮೊದಲು ಹೇಳಬೇಕು. ನಮ್ಮದು ಎರೆಭೂಮಿ, ಹತ್ತಿಯ ಸೀಮೆ. 1861ರಿಂದ 1865ರವರೆಗೆ ಅಮೇರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತಿತು, ಇಲ್ಲಿಯ ಹತ್ತಿಗೆ ಬಂಗಾರದ ಬೆಲೆ ಬಂತು. ಬೆಲೆ ಬಂದಾಗ ಸಾವಕಾರನೂ ಧಾರಾಳಿಯಾದ. ಯುದ್ಧ ಮುಗಿಯಿತು, ಬೆಲೆ ಬಿತ್ತು, ಸಾಲ ಮಾತ್ರ ಉಳಿಯಿತು. ಅದರ ಹಿಂದೆಯೇ 1876–78ರ ಬರ. ಪುಣೆ, ಅಹಮದನಗರದ ಕಡೆ ರೈತರು 1875ರಲ್ಲಿ ಸಾವಕಾರರ ಮನೆಗೆ ನುಗ್ಗಿ ಸಾಲದ ಪತ್ರಗಳನ್ನು ಸುಟ್ಟರು. ಗಮನಿಸಿ, ಸುಟ್ಟದ್ದು ಕಾಗದವನ್ನು. ಅಕ್ಷರ ಬಾರದವನಿಗೆ ಆ ಕಾಗದವೇ ದೆವ್ವವಾಗಿತ್ತು. ಸರಕಾರಕ್ಕೂ ಭಯ ಹುಟ್ಟಿ 1879ರಲ್ಲಿ ದಖ್ಖನ್ ರೈತರ ಪರಿಹಾರದ ಕಾಯ್ದೆ ತಂದಿತು. ಕಾಯ್ದೆಯಿಂದ ಕೋರ್ಟಿನಲ್ಲಿ ಒಂದಿಷ್ಟು ಆಸರೆ ಸಿಕ್ಕಿರಬಹುದು. ಬಿತ್ತನೆಗೆ ಬೀಜ ಬೇಕಾದಾಗ ಕೈಗೆ ದುಡ್ಡು ಕೊಡುವವರು ಯಾರು? ಮದ್ರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಜರ್ಮನಿಯ ರೈಫೈಸೆನ್ ಕಟ್ಟಿದ್ದ ಹಳ್ಳಿಯ ಸಾಲದ ಸಂಘಗಳನ್ನು ಅಭ್ಯಾಸ ಮಾಡಿ ವರದಿ ಬರೆದ. 1904ರಲ್ಲಿ ಕರ್ಜನ್ ಕಾಲಕ್ಕೆ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ ಕಣಗಿನಹಾಳ.

ಆ ಕಾಯ್ದೆಯ ಒಳಗಿನ ಯುಕ್ತಿ ನನಗೆ ಬಹಳ ಹಿಡಿಸಿತು. ಒಂದೇ ಊರಿನ ಹದಿನೆಂಟು ದಾಟಿದ ಹತ್ತು ಜನ ಕೂಡಿದರೆ ಸಂಘ ಕಟ್ಟಬಹುದು. ಹಳ್ಳಿಯ ಸಂಘವಾದರೆ ಐದರಲ್ಲಿ ನಾಲ್ಕು ಪಾಲು ಸದಸ್ಯರು ರೈತರಿರಬೇಕು. ಅಲ್ಲಿ ಹೊಣೆಗೆ ಮಿತಿಯಿಲ್ಲ. ಒಬ್ಬ ಮುಳುಗಿಸಿದರೆ ಉಳಿದವರೆಲ್ಲ ತುಂಬಿಕೊಡಬೇಕು. ಅಡವಿಡಲು ಏನೂ ಇಲ್ಲದವನಿಗೆ ಊರಿನವರ ಪರಿಚಯವೇ ಅಡವು. ಇವನು ಕುಡಿಯುತ್ತಾನೋ ದುಡಿಯುತ್ತಾನೋ ಎಂಬುದು ಪಕ್ಕದ ಹೊಲದವನಿಗೆ ಗೊತ್ತಿರುವಷ್ಟು ಯಾವ ಬ್ಯಾಂಕಿಗೆ ಗೊತ್ತಿರುತ್ತದೆ? ಹೊಣೆಯೂ ಅವರದು, ವಹಿಯೂ ಅವರದು.

ಕಾಯ್ದೆಯಲ್ಲಿ ಹೆಣ್ಣುಮಕ್ಕಳು ಸೇರಬಾರದು ಎಂದು ಎಲ್ಲಿಯೂ ಬರೆದಿರಲಿಲ್ಲ. ಬರೆಯುವ ಅಗತ್ಯವೇ ಇರಲಿಲ್ಲ. ಹೊಲದ ಉತಾರ ಗಂಡಸಿನ ಹೆಸರಿನಲ್ಲಿ, ಪತ್ತೂ ಅವನ ಹೆಸರಿನಲ್ಲಿ. ಸಾಲದ ಮೇಲೆ ಸರ್ವಜ್ಞ ಹೇಳಿದ ತ್ರಿಪದಿ ಗೊತ್ತಿಲ್ಲದ ಮನೆ ನಮ್ಮಲ್ಲಿಲ್ಲ. ಅಲ್ಲಿಯೂ ಸಾಲಗಾರನ ಹೆಂಡತಿಯ ಸುದ್ದಿ ಇಲ್ಲ. ಹಾಗೆಂದು ಹೆಂಗಸರು ಸಾಲ ಮಾಡಲಿಲ್ಲವೇ? ಮಾಡಿದರು. ಕಿರಾಣಿ ಅಂಗಡಿಯ ಉದ್ರಿ, ನೆರೆಯವರ ಕೈಗಡ, ಚಿನಿವಾರನ ಹತ್ತಿರ ಗಿರವಿ, ಓಣಿಯ ಭಿಶಿ. ಈ ನಾಲ್ಕಕ್ಕೂ ಚರಿತ್ರೆಯ ಪುಸ್ತಕದಲ್ಲಿ ಜಾಗ ಸಿಕ್ಕಿಲ್ಲ.

ನಮ್ಮ ಅತ್ತೆಯವರ ಲೆಕ್ಕದ ವಹಿಗಳು ನನ್ನ ಹತ್ತಿರ ಇವೆ. ಮಾವನವರು ಅಡತಿ ಅಂಗಡಿಯಲ್ಲಿ ಗುಮಾಸ್ತರು. ಊರಿನ ಹತ್ತಿಯ, ಮೆಣಸಿನಕಾಯಿಯ ಲಕ್ಷದ ಲೆಕ್ಕ ಅವರ ಕೈಯಲ್ಲಿ. ಮನೆಯ 85 ರೂಪಾಯಿಯ ಲೆಕ್ಕ ಅತ್ತೆಯವರ ಕೈಯಲ್ಲಿ. 1965ರ ಒಂದು ಪುಟ ಹೀಗಿದೆ. ಬಾಡಿಗೆ 8, ಅಂಗಡಿ ಉದ್ರಿ 34, ಹಾಲು 6, ಕಟ್ಟಿಗೆ ಮತ್ತು ಚಿಮಣಿ ಎಣ್ಣೆ 7, ಸಾಲಿ ಫೀ 3, ಹಿಟ್ಟಿನ ಗಿರಣಿ 2, ಭಿಶಿ 5, ಗಿರವಿ ಬಡ್ಡಿ 3, ಯಜಮಾನರ ಕೈಗೆ 10. ಉಳಿದದ್ದು 7. ಅದರ ಮುಂದೆ ಅವರು ಬರೆದದ್ದು ‘ಬಂದವರಿಗೆ’ ಎಂದು. ಬಂದವರೆಂದರೆ ಬೀಗರೂ ಹೌದು, ಜ್ವರವೂ ಹೌದು. ಎರಡೂ ಹೇಳಿ ಬರುವುದಿಲ್ಲವಲ್ಲ!

ಈ ವಹಿ ಓದುವುದು ಒಂದು ಕಲೆ. 1957ರ ಏಪ್ರಿಲಿನಲ್ಲಿ ನಯೇ ಪೈಸೆ ಬಂದರೂ ಅತ್ತೆಯವರು ಕಡೆಯವರೆಗೂ 25 ಪೈಸೆಗೆ ನಾಲ್ಕಾಣೆ ಎಂದೇ ಬರೆದರು. ಜೋಳ ತಿಂಗಳ ಲೆಕ್ಕದಲ್ಲಿ ಬರುವುದೇ ಇಲ್ಲ. ಸುಗ್ಗಿಯಲ್ಲಿ ಅಗ್ಗವಿದ್ದಾಗ ಭಿಶಿ ಎತ್ತಿ ಚೀಲಗಟ್ಟಲೆ ಹಾಕಿಸಿಬಿಡುತ್ತಿದ್ದರು. ದೀಪಾವಳಿಯ ಪಾಡ್ಯಕ್ಕೆ ಅಂಗಡಿಯವರು ಹೊಸ ಕಿರ್ದಿ ಪೂಜೆ ಮಾಡುತ್ತಾರೆ. ಅದಕ್ಕಿಂತ ಮೊದಲು ಹಳೆಯ ಉದ್ರಿ ಮುಟ್ಟಿಸಬೇಕೆಂಬುದು ಅವರ ಹಟ. ಹೊಸ ವಹಿಯ ಮೊದಲ ಪುಟದಲ್ಲಿ ನಮ್ಮ ಹೆಸರು ಬಾಕಿದಾರರ ಸಾಲಿನಲ್ಲಿ ಬರಬಾರದು. ಅದಕ್ಕಾಗಿ ಶ್ರಾವಣದಿಂದಲೇ ಕೊಬ್ಬರಿ, ಬೆಲ್ಲದ ಮೇಲೆ ಕೈ ಬಿಗಿಯಾಗುತ್ತಿತ್ತು.

ಆ ‘ಗಿರವಿ ಬಡ್ಡಿ 3’ರ ಕಥೆಯೇ ದೊಡ್ಡದು. ನಾದಿನಿಯ ಬಾಣಂತನಕ್ಕೆ ಅತ್ತೆಯವರು ತವರಿನ ಬೋರಮಾಳ ಸರ ಒತ್ತೆ ಇಟ್ಟು 150 ರೂಪಾಯಿ ತಂದಿದ್ದರು. ಬಡ್ಡಿ ನೂರಕ್ಕೆ ಎರಡು, ತಿಂಗಳಿಗೆ. ಆರು ವರ್ಷ, ಎಪ್ಪತ್ತೆರಡು ತಿಂಗಳು, ಒಂದೂ ತಪ್ಪದೆ ಮೂರು ರೂಪಾಯಿ. ಕೂಡಿಸಿ ನೋಡಿದೆ: 216 ರೂಪಾಯಿ ಬಡ್ಡಿ. ಅಸಲು ಬೇರೆ. ನಮ್ಮ ಮುಂಬಯಿ ಪ್ರಾಂತ್ಯದ ಕಡೆ ಹಿಂದೂ ಧರ್ಮಶಾಸ್ತ್ರದಿಂದ ಬಂದ ‘ದಾಮದುಪ್ಪಟ’ ಎಂಬ ಹಳೆಯ ನಿಯಮವೊಂದನ್ನು ಕೋರ್ಟುಗಳು ಪಾಲಿಸುತ್ತಿದ್ದವು. ಒಮ್ಮೆಗೆ ವಸೂಲು ಮಾಡುವ ಬಡ್ಡಿ ಅಸಲಿಗಿಂತ ಹೆಚ್ಚಾಗಬಾರದು ಎಂದು ಅದರ ಅರ್ಥ. ಎಷ್ಟು ಒಳ್ಳೆಯ ನಿಯಮ ಎನಿಸುತ್ತದೆ. ಆದರೆ ‘ಒಮ್ಮೆಗೆ’ ಎಂಬ ಮಾತು ನೋಡಿ. ಬಡ್ಡಿ ಕಟ್ಟದೆ ಕೂತವನಿಗೆ ಆ ನಿಯಮದ ನೆರಳು. ತಿಂಗಳು ತಿಂಗಳು ನಿಯತ್ತಾಗಿ ಕಟ್ಟಿದವಳಿಗೆ ಬಿಸಿಲು. ಅಸಲಿನ ಒಂದೂವರೆ ಪಟ್ಟು ಹತ್ತಿರ ಹತ್ತಿರ ಬಡ್ಡಿ ಕೊಟ್ಟೂ ಅತ್ತೆಯವರು ಯಾವ ಕಾಯ್ದೆಯ ಕಣ್ಣಿಗೂ ಬೀಳಲಿಲ್ಲ.

ಬೋರಮಾಳ ಬಿಡಿಸಿಕೊಂಡದ್ದು 1971ರಲ್ಲಿ. ದೇವರಾಜ ಅರಸರ ಸರಕಾರದ ಋಣಪರಿಹಾರ ಕಾಯ್ದೆ ಬಂದದ್ದು 1976ರಲ್ಲಿ, ತುರ್ತು ಪರಿಸ್ಥಿತಿಯ ಕಾಲ. ಸಣ್ಣ ರೈತರು, ಭೂಮಿಯಿಲ್ಲದ ಕೂಲಿಕಾರರು, ದುರ್ಬಲ ವರ್ಗದವರು ಖಾಸಗಿಯವರಲ್ಲಿ ಮಾಡಿದ ಸಾಲ ಮಾಫಿ. ಒತ್ತೆ ಇಟ್ಟ ಒಡವೆ ತಿರುಗಿ ಕೊಡಬೇಕು. ನಮ್ಮ ಓಣಿಯಲ್ಲಿ ಇಬ್ಬರ ಮನೆಗೆ ಬೆಂಡವಾಲಿ, ತಾಳಿ ತಿರುಗಿ ಬಂದವಂತೆ. ಅತ್ತೆಯವರು ಅದನ್ನು ನೆನೆದು ಹೊಟ್ಟೆಕಿಚ್ಚುಪಡಲಿಲ್ಲ. ಆದರೆ ಇನ್ನೊಂದು ಮಾತು ಹೇಳುತ್ತಿದ್ದರು: “ಒಡವಿ ಬಂತು ಖರೇ, ಆಮ್ಯಾಲೆ ಎರಡು ವರ್ಷ ಯಾರೂ ಹತ್ತು ರೂಪಾಯಿ ಕೈಗಡಾ ಕೊಡ್ಲಿಲ್ಲ ನೋಡವಾ.” ಮಾಫಿಯ ಲೆಕ್ಕದಲ್ಲಿ ಈ ಸಾಲು ಯಾರೂ ಬರೆಯುವುದಿಲ್ಲ. ನನಗೇನೋ ಆ ಕಾಯ್ದೆ ಬೇಕಾಗಿತ್ತು ಅನಿಸುತ್ತದೆ. ಅದರ ಮರುದಿನವೇ ಬೇರೊಂದು ಕಡೆ ಸಾಲ ಸಿಗುವ ಬಾಗಿಲು ತೆರೆಯಬೇಕಾಗಿತ್ತು, ಅದು ಆಗಲಿಲ್ಲ.

ಒಮ್ಮೆ ನಾನು ಕೇಳಿದ್ದೆ, “ಅತ್ತೀ, ಆರು ವರ್ಷ ಮಾವನವರಿಗೆ ಗೊತ್ತಾಗಲಿಲ್ಲೇನು, ಸರ ಕೊರಳಾಗ ಇಲ್ಲ ಅಂತ?” ಅವರು ನಕ್ಕರು. “ಗೊತ್ತಿದ್ರ ಕೇಳಬೇಕಾಗತಿತ್ತು, ಕೇಳಿದ್ರ ಬಿಡಸಬೇಕಾಗತಿತ್ತು. ಗಂಡಸು ಮಾಡಿದ ಸಾಲಕ್ಕ ಊರೆಲ್ಲ ಸಾಕ್ಷಿ, ನಾ ಮಾಡಿದ ಸಾಲಕ್ಕ ಈ ಡಬ್ಬಿ ಒಂದ ಸಾಕ್ಷಿ.” ಡಬ್ಬಿಯೆಂದರೆ ಸಾಸಿವೆಯ ಡಬ್ಬಿ. ಗಿರವಿಯ ಚೀಟಿ ಅದರ ತಳದಲ್ಲಿ ಇರುತ್ತಿತ್ತು.

ಭಿಶಿಯ ಸಂಗತಿ ನಿಮಗೆಲ್ಲ ಗೊತ್ತು. ಹನ್ನೆರಡು ಜನ ತಿಂಗಳಿಗೆ ಐದೈದು ಹಾಕಿದರೆ ಅರವತ್ತು; ಚೀಟಿ ಎತ್ತಿದವರಿಗೆ ಪೂರ್ತಿ ದುಡ್ಡು. ಬಡ್ಡಿಯಿಲ್ಲ, ಕಾಗದವಿಲ್ಲ. ಆಮೇಲೆ ಸವಾಲು ಕೂಗುವ ಭಿಶಿ ಬಂತು, ಅಡಚಣೆ ಇದ್ದವರು ಕಡಿಮೆಗೆ ಎತ್ತುವುದು, ಉಳಿದವರು ಹಂಚಿಕೊಳ್ಳುವುದು. ಅಲ್ಲಿಗೆ ಗೆಳೆತನದ ರುಚಿ ಸ್ವಲ್ಪ ಕೆಟ್ಟಿತು ಎನ್ನುವುದು ನನ್ನ ಅನಿಸಿಕೆ. ಉಡುಪಿಯ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ದಿನಕ್ಕೆ ಎರಡಾಣೆಯಿಂದ ಪಿಗ್ಮಿ ಠೇವಣಿ ಶುರುಮಾಡಿದ್ದು ಇದೇ ಸ್ವಭಾವವನ್ನು ಕಂಡುಕೊಂಡೇ ಇರಬೇಕು. ಆ ಬ್ಯಾಂಕು 2020ರಲ್ಲಿ ಕೆನರಾದಲ್ಲಿ ಕೂಡಿಹೋಯಿತು. ಪಿಗ್ಮಿ ಎಂಬ ಹೆಸರು ಮಾತ್ರ ನಮ್ಮ ಪೇಟೆಯಲ್ಲಿ ಕನ್ನಡದ್ದೇ ಶಬ್ದವಾಗಿ ನಿಂತಿದೆ.

ಹೆಂಗಸರ ಈ ಭಿಶಿಯ ಬುದ್ಧಿ ಸರಕಾರದ ಕಣ್ಣಿಗೆ ಬೀಳಲು ಬಹಳ ಕಾಲ ಹಿಡಿಯಿತು. ಕರ್ನಾಟಕದಲ್ಲಿ ಮೈರಾಡ ಸಂಸ್ಥೆಯವರು ಎಂಬತ್ತರ ದಶಕದಲ್ಲಿ ಹಳ್ಳಿಯ ಸಣ್ಣ ಗುಂಪುಗಳನ್ನು ಕಟ್ಟಿದರು. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. 2000ದಲ್ಲಿ ನಮ್ಮ ರಾಜ್ಯದ ಸ್ತ್ರೀಶಕ್ತಿ ಯೋಜನೆ. ಕಣಗಿನಹಾಳದ ಯುಕ್ತಿ ತೊಂಬತ್ತು ವರ್ಷ ನಡೆದು ಕಡೆಗೆ ಅಡುಗೆಮನೆಯ ಬಾಗಿಲಿಗೆ ಬಂತು ಎಂದು ನನಗೆ ಖುಷಿಯಾಗಿತ್ತು.

ಅದರ ಬೆನ್ನಿಗೇ ವಾರದ ಕಂತಿನ ಕಂಪನಿಗಳು ಬಂದವು. ನೋಡಲು ಒಂದೇ ತರಹ. ಐದೋ ಹತ್ತೋ ಹೆಂಗಸರ ಗುಂಪು, ಒಬ್ಬಳಿಗೆ ಎಲ್ಲರೂ ಹೊಣೆ. ಆದರೆ ಸ್ತ್ರೀಶಕ್ತಿ ಗುಂಪಿನ ವಹಿ ನಮ್ಮ ಟ್ರಂಕಿನಲ್ಲಿತ್ತು, ಬಡ್ಡಿ ನಾವು ಕೂತು ಗೊತ್ತುಮಾಡಿದ್ದು, ಆ ಬಡ್ಡಿ ಬೆಳೆದರೂ ನಮ್ಮದೇ ಗಂಟು. ಇಲ್ಲಿ ಹೊಣೆ ಮಾತ್ರ ನಮ್ಮದು. ವಹಿ, ಬಡ್ಡಿ, ಲಾಭ ಎಲ್ಲವೂ ಎಲ್ಲಿಯದೋ. 1905ರವರು ಎರಡನ್ನೂ ಕೂಡಿಸಿ ಕಟ್ಟಿದ್ದರು. ನಮಗೆ ಅರ್ಧ ಕತ್ತರಿಸಿ ಕೊಟ್ಟರು.

ಕಂತಿನ ಬಡ್ಡಿಯ ಮೋಸವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಿ. ಹತ್ತು ಸಾವಿರ ಸಾಲ, ತಿಂಗಳಿಗೆ ಸಾವಿರ ಅಸಲು, ಹತ್ತು ಕಂತು, ಬಡ್ಡಿ ‘ಬರೇ ನೂರಕ್ಕೆ ಎರಡು’ ಎನ್ನುತ್ತಾರೆ. ಆದರೆ ಕಡೆಯವರೆಗೂ ಪೂರ್ತಿ ಹತ್ತು ಸಾವಿರದ ಮೇಲೆಯೇ ತಿಂಗಳಿಗೆ 200 ಹಿಡಿದರೆ? ನಿಮ್ಮ ಕೈಯಲ್ಲಿ ಹತ್ತು ಸಾವಿರ ಇರುವುದು ಮೊದಲ ತಿಂಗಳು ಮಾತ್ರ. ಕಡೆಯ ತಿಂಗಳು ಇರುವುದು ಒಂದೇ ಸಾವಿರ. ಸರಾಸರಿ 5,500. ಅದಕ್ಕೆ 200 ಎಂದರೆ ನೂರಕ್ಕೆ ಮೂರೂವರೆಯ ಮೇಲಾಯಿತು. ಹಾಗಾಗಿ “ಉಳಿದ ಅಸಲಿನ ಮೇಲೋ, ಪೂರ್ತಿ ಅಸಲಿನ ಮೇಲೋ?” ಎಂದು ಸಹಿ ಮಾಡುವ ಮುಂಚೆ ಕೇಳುವುದು ಸಭ್ಯತೆಗೆ ಕುಂದಲ್ಲ.

2010ರಲ್ಲಿ ಆಂಧ್ರದಲ್ಲಿ ಈ ಸಾಲಗಳಿಂದ ದೊಡ್ಡ ಅನಾಹುತವೇ ಆಯಿತು. 2022ರಲ್ಲಿ ರಿಸರ್ವ್ ಬ್ಯಾಂಕು ವರ್ಷಕ್ಕೆ 3 ಲಕ್ಷದೊಳಗಿನ ಆದಾಯದ ಮನೆಗಳ ಇಂಥ ಸಾಲಕ್ಕೆ ನಿಯಮ ಮಾಡಿತು: ಮನೆಯ ಎಲ್ಲ ಸಾಲದ ಕಂತು ಕೂಡಿದರೂ ತಿಂಗಳ ಆದಾಯದ ಅರ್ಧ ದಾಟಬಾರದು. ಅರ್ಧ! ಅತ್ತೆಯವರ ಪುಟದಲ್ಲಿ 85ಕ್ಕೆ ಗಿರವಿ ಬಡ್ಡಿ 3 ಇದ್ದಾಗಲೇ ಅವರಿಗೆ ನಿದ್ದೆ ಬರುತ್ತಿರಲಿಲ್ಲ. 2025ರ ಫೆಬ್ರುವರಿಯಲ್ಲಿ, ವಸೂಲಿಯ ಕಿರುಕುಳಕ್ಕೆ ನೊಂದು ಜೀವ ಕಳೆದುಕೊಂಡವರ ಸುದ್ದಿ ಊರೂರಿಂದ ಬಂದ ಮೇಲೆ, ನಮ್ಮ ರಾಜ್ಯ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಸೆರೆಮನೆ, ಐದು ಲಕ್ಷದವರೆಗೆ ದಂಡ.

ಅದೇ ಚಳಿಗಾಲದಲ್ಲಿ ನಮ್ಮ ಓಣಿಯ ಒಬ್ಬ ಹೆಣ್ಣುಮಗಳು ಮೂರು ದಿನ ಹೊರಗೆ ಕಾಣಿಸಲಿಲ್ಲ. ಬಾಗಿಲ ಮುಂದೆ ಮೋಟರ್ ಸೈಕಲ್ಲು ನಿಂತರೆ ಹಿತ್ತಲಿಗೆ ಓಡುತ್ತಾಳೆ ಎಂದು ಅವಳ ಮಗಳು ಹೇಳಿತು. ನಾವು ನಾಲ್ಕು ಜನ ಹೋದೆವು. ಬೈಯಲು ಬಂದಿದ್ದೇವೆಂದು ಅವಳು ಮೊದಲು ಅತ್ತಳು. ಗುಂಪಿನವರೆಂದರೆ ಹಾಗೆಯೇ ಆಗಿಬಿಟ್ಟಿತ್ತು. ಹೊಣೆ ಹೊತ್ತ ಗೆಳತಿಯರೇ ಕಟ್ಟೆಯ ಮೇಲೆ ಕೂತು ಕಂತು ವಸೂಲು ಮಾಡಬೇಕು. ನಾನು ನನ್ನ ಮೊಮ್ಮಗನ ಪಾಟಿ ತರಿಸಿದೆ. ಒಂದೊಂದೇ ಕಾರ್ಡು ಅಕ್ಕಿಯ ಡಬ್ಬಿಯಿಂದ ಹೊರಗೆ ಬಂತು. ತಿಂಗಳಿಗೆ 2,100, 1,950, 1,750, 1,400. ಒಟ್ಟು 7,200. ಮನೆಗೆ ಬರುವುದು 11,000. ನಾಲ್ಕನೆಯ ಸಾಲ ತೆಗೆದದ್ದು ಮೊದಲ ಮೂರರ ಕಂತು ಕಟ್ಟಲು.

“ಈ ದುಡ್ಡು ಯಾತಕ್ಕ ಹೋತವಾ?” ಎಂದು ನಮ್ಮಲ್ಲಿ ಹಿರಿಯರು ಕೇಳಿದರು. ಮೊದಲನೆಯದು ಗಂಡನ ಹಳೆಯ ಆಟೋ ರಿಪೇರಿಗೆ. ಎರಡನೆಯದು ಮಾವನ ಆಸ್ಪತ್ರೆಗೆ. ಮೂರನೆಯದು ಮೈದುನನ ಮದುವೆಗೆ. ಒಂದೂ ಅವಳದಲ್ಲ. ನಾಲ್ಕೂ ಅವಳ ಹೆಸರಿನಲ್ಲಿ. ಕಣಗಿನಹಾಳದ ಕಾಲಕ್ಕೆ ಹೆಸರಿಲ್ಲದ ಹೆಂಗಸಿಗೆ ಸಾಲವಿರಲಿಲ್ಲ. ಈಗ ಹೆಸರು ಸಿಕ್ಕಿದೆ.

ಅಂದು ಸಂಜೆ ಗಂಡನನ್ನೂ, ಅತ್ತೆಯನ್ನೂ ಕೂರಿಸಿ ಪಾಟಿ ಮುಂದಿಟ್ಟೆವು. ಅವನಿಗೆ ಎರಡು ಸಾಲ ಮಾತ್ರ ಗೊತ್ತಿದ್ದವು. ಬಹಳ ಹೊತ್ತು ಸುಮ್ಮನೆ ಕೂತ. ಹೊಸ ಸಾಲ ಬೇಡ ಎಂಬುದು ಮೊದಲ ತೀರ್ಮಾನ. 1,400ರ ಸಾಲ ಮುಗಿಯಲು ಬರೇ ಐದು ಕಂತು ಉಳಿದಿತ್ತು. ಅದನ್ನು ನಮ್ಮ ಗುಂಪಿನ ಗಂಟಿನಿಂದ ತೀರಿಸಿ, ಗುಂಪಿಗೆ ಅವಳು ನಿಧಾನವಾಗಿ ಕಟ್ಟುವುದು. ಅತ್ತೆಯ ಖಾತೆಗೆ ಬರುವ ಗೃಹಲಕ್ಷ್ಮಿಯ 2,000 ರೂಪಾಯಿ ಕಿರಾಣಿಗೆ. ಆ ಅತ್ತೆ ಇದಕ್ಕೆ ಒಪ್ಪಿದ್ದು ಸುಲಭದಲ್ಲಿ ಅಲ್ಲ, “ನನ್ನ ಔಷಧಕ್ಕ ನಾ ಯಾರನ್ನ ಕೇಳ್ಲಿ?” ಎಂದರು, ಅದೂ ನ್ಯಾಯವೇ. ಕಡೆಗೆ ಅವರ ಕೈಗೆ 500 ಎಂದು ಗೊತ್ತಾಯಿತು. ಆಟೋದ ದಿನದ ಗಳಿಕೆಯಿಂದ ರಾತ್ರಿಯೇ ನೂರು ರೂಪಾಯಿ ತೆಗೆದಿಡುವುದು ಗಂಡನ ಪಾಲಿಗೆ ಬಂತು.

ಮೂರರಲ್ಲಿ ಎರಡು ಸಾಲ ಈಗ ತೀರಿವೆ. ಕಾರ್ಡುಗಳು ಅಕ್ಕಿಯ ಡಬ್ಬಿಯಲ್ಲಿಲ್ಲ. ದೇವರ ಮಾಡದ ಪಕ್ಕದ ಮೊಳೆಗೆ ಸಿಕ್ಕಿಸಿವೆ, ಮನೆಯವರೆಲ್ಲರಿಗೂ ಕಾಣುವ ಹಾಗೆ. ಮಗಳು ಐದನೆಯ ಇಯತ್ತೆ. ಪ್ರತಿ ತಿಂಗಳು ಉಳಿದ ಬಾಕಿಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಯುವ ಕೆಲಸ ಅದರದು.