ಲ್ಯಾಮಿನೇಟರ್ ಕೊಳ್ಳುವ ಮುನ್ನ ಒಂದಿಷ್ಟು ಇತಿಹಾಸ

ನಿಮ್ಮೂರಿನ ಬಸ್ ನಿಲ್ದಾಣದ ಬಳಿ ಝೆರಾಕ್ಸ್, ಡಿ.ಟಿ.ಪಿ. ಮಾಡುವ ಸಣ್ಣ ಅಂಗಡಿಯೊಂದಿದೆ ಎಂದುಕೊಳ್ಳಿ. ಅದರ ಮಾಲೀಕರು ಒಂದು ದಿನ ನಿಮ್ಮನ್ನು ಕೇಳುತ್ತಾರೆ: "ಮೇಷ್ಟ್ರೇ, ಕಡಿಮೆ ಬೆಲೆಯ ಲ್ಯಾಮಿನೇಷನ್ ಮೆಷಿನ್ ತಗೋಬೇಕು, ಎಂಥದ್ದು ತಗೊಳ್ಳಲಿ?" ಈ ಯಂತ್ರ ಬೆಳೆದುಬಂದ ಬಗೆ ತಿಳಿದಿದ್ದರೆ ಉತ್ತರ ಕಷ್ಟವಲ್ಲ.

1930ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಪತ್ರಾಗಾರವು ಶಿಥಿಲವಾದ ದಾಖಲೆಗಳನ್ನು ಉಳಿಸಲು ಒಂದು ವಿಧಾನವನ್ನು ಬಳಕೆಗೆ ತಂದಿತು. ಕಾಗದದ ಎರಡೂ ಬದಿಗೆ ಸೆಲ್ಯುಲೋಸ್ ಅಸಿಟೇಟ್‌ನ ತೆಳು ಹಾಳೆಯಿಟ್ಟು, ಬಿಸಿ ಫಲಕಗಳ ನಡುವೆ ಭಾರಿ ಒತ್ತುಯಂತ್ರದಲ್ಲಿ ಅದುಮುತ್ತಿದ್ದರು. ಆ ಯಂತ್ರ ದೊಡ್ಡದು, ದುಬಾರಿ. ವರ್ಜೀನಿಯಾದ ವಿಲಿಯಂ ಬ್ಯಾರೊ ಅದೇ ದಶಕದ ಕೊನೆಯಲ್ಲಿ ಬೇರೆ ದಾರಿ ಹಿಡಿದರು. ಹಾಳೆಗಳನ್ನು ಮೊದಲು ಕಾಯಿಸಿ, ಅನಂತರ ಎರಡು ಉರುಳೆಗಳ ನಡುವೆ ಹಾಯಿಸಿದರು. ಇಡೀ ಹಾಳೆಯನ್ನು ಒಮ್ಮೆಗೇ ಅದುಮುವ ಬದಲು ಒಂದು ಗೆರೆಯಷ್ಟು ಜಾಗವನ್ನು ಮಾತ್ರ ಅದುಮಿದರೆ ಸಣ್ಣ ಬಲವೇ ಸಾಕಲ್ಲವೆ? ಇಂದಿನ ಪುಟ್ಟ ಲ್ಯಾಮಿನೇಟರ್‌ಗಳಲ್ಲಿಯೂ ಕೆಲಸ ಮಾಡುವುದು ಇದೇ ತತ್ತ್ವ.

ಭಾರತದಲ್ಲಿ ಇನ್ನೂ ಅಗ್ಗದ ವಿಧಾನ ಬಂತು. 1950ರ ದಶಕದಲ್ಲಿ ನವದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಯಂತ್ರವನ್ನೇ ಕೈಬಿಟ್ಟು, ಅಸಿಟೇಟ್ ಹಾಳೆಯ ಮೇಲೆ ತೆಳು ಟಿಶ್ಯೂ ಕಾಗದವಿಟ್ಟು ಅಸಿಟೋನ್‌ನಲ್ಲಿ ನೆನೆಸಿದ ಹತ್ತಿಯಿಂದ ಒರೆಸಿದರು. ದ್ರಾವಕದಿಂದ ಮೆದುವಾದ ಅಸಿಟೇಟ್ ಕಾಗದಕ್ಕೆ ಅಂಟಿಕೊಂಡಿತು. ಅಸಿಟೋನ್ ಆವಿಯಾಗಿ ಹೋಯಿತು. ವಿದ್ಯುತ್ತೂ ಬೇಡ, ಉರುಳೆಯೂ ಬೇಡ!

ಇಂದಿನ ಪೌಚ್‌ನ ಹೊರಪದರ ಪಾಲಿಯೆಸ್ಟರ್. ಅದು ಕರಗಲು ಸುಮಾರು 250 ಡಿಗ್ರಿ ಸೆಲ್ಸಿಯಸ್ ತಾಪ ಬೇಕು. ಒಳಗಿನ ಅಂಟುಪದರ ಸುಮಾರು 100 ಡಿಗ್ರಿಯಲ್ಲೇ ಹರಿಯತೊಡಗುತ್ತದೆ. ಈ ಅಂತರವೇ ಯಂತ್ರದ ಗುಟ್ಟು. ಉಷ್ಣ ಹೊರಗಿನಿಂದ ಒಳಗೆ ಸಾಗಲು ಬೇಕಾದ ಕಾಲ ಸ್ಥೂಲವಾಗಿ ದಪ್ಪದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ದಪ್ಪ ಇಮ್ಮಡಿಯಾದರೆ ಕಾಲ ನಾಲ್ಕು ಮಡಿ. ಆದ್ದರಿಂದ ತೆಳು ಪೌಚ್‌ಗೆ ಸರಿಯಾದ ಯಂತ್ರದಲ್ಲಿ ದಪ್ಪ ಪೌಚ್ ಹಾಕಿದರೆ ಅಂಟು ಪೂರ್ತಿ ಹರಿಯದೆ, ಉಳಿದ ಗಾಳಿಯ ಗುಳ್ಳೆಗಳು ಬೆಳಕನ್ನು ಚದರಿಸಿ ಹಾಲಿನಂತೆ ಮಸುಕು ಕಾಣಿಸುತ್ತದೆ. ತಾಪ ಹೆಚ್ಚಾದರೆ ಹಾಳೆ ಅಲೆಅಲೆಯಾಗುತ್ತದೆ.

ಹಾಗಾದರೆ ಅಂಗಡಿಯವರಿಗೆ ಏನು ಹೇಳಬೇಕು? ತಾಪವನ್ನೋ ವೇಗವನ್ನೋ ಬದಲಿಸುವ ಸೌಲಭ್ಯವಿರಲಿ. ಸಿಕ್ಕಿಕೊಂಡ ಹಾಳೆಯನ್ನು ಹಿಂದಕ್ಕೆ ತಿರುಗಿಸುವ ಗುಂಡಿಯಿರಲಿ. ಎ3 ಹಾಳೆಯ ಅಗಲ 297 ಮಿ.ಮೀ.; ಬಾಯಿ ಅದಕ್ಕಿಂತ ತುಸು ಅಗಲವಿದ್ದರೆ ನಾಳೆ ಇನ್ನೊಂದು ಯಂತ್ರ ಕೊಳ್ಳಬೇಕಿಲ್ಲ. ಹಣ ಕೊಡುವ ಮುನ್ನ 125 ಮೈಕ್ರಾನ್ ಪೌಚ್‌ಗಳನ್ನು ಒಂದರ ಹಿಂದೊಂದು ಹತ್ತು ಹಾಕಿಸಿ ನೋಡಲಿ. ಪ್ರತಿ ಪೌಚ್ ಉರುಳೆಯಿಂದ ಉಷ್ಣವನ್ನು ಹೀರುತ್ತದೆ. ಹತ್ತನೆಯದೂ ಮೊದಲನೆಯದರಷ್ಟೇ ಪಾರದರ್ಶಕವಾಗಿದ್ದರೆ ಯಂತ್ರ ಕೆಲಸಕ್ಕೆ ಬರುತ್ತದೆ.

ಇತಿಹಾಸದ ಇನ್ನೊಂದು ಪಾಠ ಇದಕ್ಕಿಂತ ಮುಖ್ಯವಾದುದು. ಕಾಗದದೊಳಗಿನ ಆಮ್ಲ ಲ್ಯಾಮಿನೇಷನ್‌ನಿಂದ ಹೋಗುವುದಿಲ್ಲವೆಂದು ಕಂಡುಕೊಂಡ ಬ್ಯಾರೊ, ಅದನ್ನು ಮೊದಲೇ ಕ್ಯಾಲ್ಸಿಯಂ ಸಂಯುಕ್ತಗಳ ದ್ರಾವಣದಿಂದ ತಟಸ್ಥಗೊಳಿಸಿದರು. ಆದರೂ ಮುಂದಿನ ದಶಕಗಳಲ್ಲಿ ಅಸಿಟೇಟ್ ಹಾಳೆಯೇ ಕೆಡತೊಡಗಿ, ಅದನ್ನು ಬಿಡಿಸುವುದೇ ದೊಡ್ಡ ಕೆಲಸವಾಯಿತು. 1970ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಹೊಸ ಮಾರ್ಗ ತೋರಿತು: ದಾಖಲೆಯನ್ನು ಎರಡು ಪಾಲಿಯೆಸ್ಟರ್ ಹಾಳೆಗಳ ನಡುವೆ ಇಟ್ಟು ಅಂಚನ್ನು ಮಾತ್ರ ಮುಚ್ಚುವುದು. ಕಾಗದಕ್ಕೆ ಅಂಟು ತಾಗುವುದೇ ಇಲ್ಲ, ಬೇಕೆಂದಾಗ ಹೊರತೆಗೆಯಬಹುದು.

ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಆ ಭಾಗ್ಯವಿರಲಿಲ್ಲ. ಜೋಪಾನ ಮಾಡಲೆಂದೇ ಲ್ಯಾಮಿನೇಟ್ ಮಾಡಿಸಿದೆ. ಅದರ ಮಸುಕು ಕಲೆಗಳನ್ನು ಇಂದಿಗೂ ತೆಗೆಯಲಾಗಿಲ್ಲ. ನಿಮ್ಮ ವಿದ್ಯಾರ್ಥಿಗಳಿಗೆ ಹೇಳಿ: ನಕಲು ಪ್ರತಿಯನ್ನು ಲ್ಯಾಮಿನೇಟ್ ಮಾಡಿಸಿ, ಮೂಲಪ್ರತಿಯನ್ನು ಪಾಲಿಯೆಸ್ಟರ್ ಲಕೋಟೆಯಲ್ಲಿಡಿ. ಅಂಗಡಿಯವರೂ ಈ ಮಾತನ್ನು ಗಿರಾಕಿಗೆ ಹೇಳಿದರೆ, ಒಂದು ಪೌಚ್‌ನ ಲಾಭ ಕಳೆದುಕೊಂಡರೂ ಗಿರಾಕಿಯ ನಂಬಿಕೆ ಉಳಿಯುತ್ತದೆ.