ಮಂತ್ರಬಲ ಮತ್ತು ಪ್ರತಿರೋಧ

ಮೇಜಿನ ಸುತ್ತ ಕೂತು ಆಡುವ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಮಾಂತ್ರಿಕನ ಮಂತ್ರಕ್ಕೆ ಎದುರಾಳಿ ಸಿಕ್ಕಿಬೀಳುತ್ತಾನೋ ಪಾರಾಗುತ್ತಾನೋ ಎಂಬುದನ್ನು ಬಹುಪಾಲು ದಾಳವೇ ಹೇಳುತ್ತದೆ. ಪಾರಾಗಲು ಉರುಳಿಸುವ ಈ ದಾಳಕ್ಕೆ ಆಟಗಾರರು ‘ಸೇವಿಂಗ್ ಥ್ರೋ’ ಅಥವಾ ಬರೀ ‘ಸೇವ್’ ಎನ್ನುತ್ತಾರೆ. ಎದುರಾಳಿಯ ಸೇವ್ ಅನ್ನು ಕಠಿಣಗೊಳಿಸಲು ಮಾಂತ್ರಿಕನಿಗೆ ಏನೇನು ದಾರಿಗಳಿರಬೇಕು ಎಂಬುದು ಐದು ದಶಕಗಳಿಂದ ಆಟದ ನಿಯಮ ಬರೆಯುವವರನ್ನು ಕಾಡಿರುವ ಪ್ರಶ್ನೆ. ಅದರ ತಿರುಳು ಇಷ್ಟೇ: ಮಂತ್ರದ ಫಲವನ್ನು ನಿರ್ಧರಿಸಬೇಕಾದದ್ದು ಹಾಕುವವನ ಬಲವೋ, ತಾಳಿಕೊಳ್ಳುವವನ ಬಲವೋ? ಈ ಆಟಗಳಲ್ಲಿ ಮೊದಲನೆಯದಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಪ್ರಶ್ನೆಗೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರ ಕೊಟ್ಟಿದೆ.

ಸೇವಿಂಗ್ ಥ್ರೋ ಮಂತ್ರಕ್ಕಾಗಿ ಹುಟ್ಟಿದ್ದಲ್ಲ. ಪುಟ್ಟ ಬೊಂಬೆಸೈನಿಕರನ್ನು ಹೂಡಿ ಆಡುತ್ತಿದ್ದ ಯುದ್ಧದಾಟಗಳಲ್ಲಿ, ಏಟು ತಿಂದ ಸೈನಿಕನನ್ನು ಅವನ ಕವಚ ಉಳಿಸಿತೇ ಎಂದು ನೋಡಲು ಮತ್ತೊಮ್ಮೆ ದಾಳ ಉರುಳಿಸುವ ಪದ್ಧತಿಯಿತ್ತು. ಇಂಗ್ಲೆಂಡಿನ ಟೋನಿ ಬಾತ್ 1950ರ ದಶಕದಲ್ಲಿ ರೂಪಿಸಿದ ಮಧ್ಯಯುಗದ ಯುದ್ಧನಿಯಮಗಳಲ್ಲಿ ಅದು ಕಾಣುತ್ತದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ 1971ರಲ್ಲಿ ಹೊರತಂದ ‘ಚೈನ್‌ಮೇಲ್’ ನಿಯಮಪುಸ್ತಕದ ಕಲ್ಪನಾಲೋಕದ ಅನುಬಂಧದಲ್ಲಿ ಮಾಂತ್ರಿಕ ಕಾಲಿಟ್ಟ. ಅಲ್ಲಿ ಅವನು ಒಂದು ಬಗೆಯ ಫಿರಂಗಿದಳ: ಅವನ ಬೆಂಕಿಯುಂಡೆ ಕಲ್ಲೆಸೆಯುವ ದೊಡ್ಡ ಯಂತ್ರಕ್ಕೆ ಸಮ, ಸಿಡಿಲು ತೋಪಿಗೆ ಸಮ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಊರಿನಿಂದ 1974ರಲ್ಲಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರಬಂದಾಗ ಸೇವ್‌ಗಳಿಗೆ ಐದು ಕಲಮುಗಳ ಕೋಷ್ಟಕವಿತ್ತು: ಮರಣಕಿರಣ ಅಥವಾ ವಿಷ, ಮಂತ್ರದ ಕಡ್ಡಿಗಳು, ಕಲ್ಲಾಗುವಿಕೆ, ಡ್ರ್ಯಾಗನ್ನಿನ ಉಸಿರು, ಕೊನೆಗೆ ಮಂತ್ರದಂಡ ಮತ್ತು ಮಂತ್ರಗಳು. ಇಪ್ಪತ್ತು ಮುಖದ ದಾಳದಲ್ಲಿ ಬೀಳಬೇಕಾದ ಸಂಖ್ಯೆ ನಿಂತದ್ದು ಏಟು ತಿನ್ನುವವನ ವರ್ಗ (ಯೋಧನೋ ಮಾಂತ್ರಿಕನೋ) ಮತ್ತು ಅನುಭವದ ಹಂತದ ಮೇಲೆ ಮಾತ್ರ. ಮೊದಲ ಹಂತದ ಯೋಧನಿಗೆ ಮಂತ್ರದಿಂದ ಪಾರಾಗಲು 16 ಅಥವಾ ಹೆಚ್ಚು ಬೀಳಬೇಕು, ಎಂದರೆ ನೂರಕ್ಕೆ 25 ಪಾಲು ಅವಕಾಶ. ಹದಿಮೂರನೆಯ ಹಂತ ಮುಟ್ಟಿದವನಿಗೆ 8 ಸಾಕು, ಅವಕಾಶ 65ಕ್ಕೆ ಏರುತ್ತದೆ. ಮಂತ್ರ ಹಾಕಿದವನು ನಿನ್ನೆ ಮೊನ್ನೆ ಕಲಿತ ಶಿಷ್ಯನೋ ಮಹಾಮಾಂತ್ರಿಕನೋ ಎಂಬುದನ್ನು ಕೋಷ್ಟಕ ಕೇಳುವುದೇ ಇಲ್ಲ.

ಇದರ ಹಿಂದೆ ಒಂದು ನಿಲುವಿತ್ತು. 1979ರ ‘ಡಂಜನ್ ಮಾಸ್ಟರ್ಸ್ ಗೈಡ್’ನಲ್ಲಿ ಗೈಗ್ಯಾಕ್ಸ್ ಬಂಡೆಗೆ ಸರಪಳಿಯಿಂದ ಬಿಗಿಯಲ್ಪಟ್ಟು ಡ್ರ್ಯಾಗನ್ನಿನ ಬೆಂಕಿಗೆ ಎದುರಾದ ವೀರನ ಉದಾಹರಣೆ ಕೊಟ್ಟು, ಅವನಿಗೂ ಒಂದು ಅವಕಾಶ ಏಕಿರಬಾರದು ಎಂದು ವಾದಿಸುತ್ತಾರೆ. ಸೇವ್ ಎಂದರೆ ಅವರ ಪಾಲಿಗೆ ವೀರನ ಕೊನೆಯ ಆಸರೆ, ಅವನ ದೈವ. ಅದು ಅವನ ಸ್ವಂತ ಸೊತ್ತು, ಮಾಂತ್ರಿಕನಿಗೆ ಅದರ ಮೇಲೆ ಹಿಡಿತವಿಲ್ಲ. ಕತೆಯ ದೃಷ್ಟಿಯಿಂದ ಇದು ಉದಾರವಾದ ನಿಯಮ. ಆದರೆ ಆಟ ಮುಂದುವರಿದಂತೆ ಶತ್ರುಗಳು ಬಲಿಯುತ್ತಿದ್ದರು, ಮಾಂತ್ರಿಕನ ಮಂತ್ರಗಳು ಹೆಚ್ಚು ಹೆಚ್ಚು ಹುಸಿಹೋಗುತ್ತಿದ್ದವು. ಅನುಭವಿಗಳು ಸೇವ್‌ಗೇ ಎಡೆಯಿಲ್ಲದ ಮಂತ್ರಗಳನ್ನು ಹುಡುಕಿ ಆರಿಸುತ್ತಿದ್ದರು. ನಿದ್ದೆ ಬರಿಸುವ ‘ಸ್ಲೀಪ್’ ಮಂತ್ರಕ್ಕೆ ಸೇವ್ ಇರಲಿಲ್ಲ, ದುರ್ಬಲರ ಮೇಲೆ ಮಾತ್ರ ನಡೆಯುತ್ತಿತ್ತು. ‘ಪವರ್ ವರ್ಡ್’ ಮಂತ್ರಗಳಿಗೂ ಇರಲಿಲ್ಲ, ಅಲ್ಲಿ ಲೆಕ್ಕಕ್ಕೆ ಬರುತ್ತಿದ್ದದ್ದು ಎದುರಾಳಿಯಲ್ಲಿ ಎಷ್ಟು ಜೀವಾಂಕ ಇದೆ ಎಂಬುದು.

ಹಾಗಿದ್ದರೂ ಆ ಕಾಲದ ನಿಯಮಗಳಲ್ಲೇ ಕೆಲವು ಬಿರುಕುಗಳಿದ್ದವು. ‘ಹೋಲ್ಡ್ ಪರ್ಸನ್’ ಮಂತ್ರವನ್ನು ಹಲವರ ಮೇಲೆ ಹರಡದೆ ಒಬ್ಬನ ಮೇಲೆಯೇ ಗುರಿಯಿಟ್ಟರೆ ಅವನ ಸೇವ್‌ಗೆ ಕಡಿತ ಬೀಳುತ್ತಿತ್ತು. ‘ಫೀಬಲ್‌ಮೈಂಡ್’ ಮಂತ್ರ ಎದುರಿನವನು ಮಾಂತ್ರಿಕನಾದರೆ ಅವನ ದಾಳದಿಂದ 4 ಕಳೆಯುತ್ತಿತ್ತು: ಓದಿದ ಬುದ್ಧಿಯೇ ಅಲ್ಲಿ ಶತ್ರು. ಕೆಲವು ಪ್ರಾಣಿಗಳಿಗಿದ್ದ ಶೇಕಡಾವಾರು ಮಂತ್ರನಿರೋಧವನ್ನು 11ನೆಯ ಹಂತದ ಮಾಂತ್ರಿಕನಿಗೆಂದು ಲೆಕ್ಕ ಹಾಕಿ, ಅದಕ್ಕಿಂತ ಮೇಲಿನ ಪ್ರತಿ ಹಂತಕ್ಕೆ 5ರಂತೆ ಇಳಿಸುತ್ತಿದ್ದರು. 1989ರ ಎರಡನೆಯ ಆವೃತ್ತಿ ಮಂತ್ರವಿದ್ಯೆಯ ಒಂದೇ ಶಾಖೆಯಲ್ಲಿ ಪಳಗಿದ ಮಾಂತ್ರಿಕನಿಗೆ ಆ ಶಾಖೆಯ ಮಂತ್ರಗಳಲ್ಲಿ ಎದುರಾಳಿಯ ಸೇವ್‌ನಿಂದ 1 ಕಳೆಯುವ ಹಕ್ಕು ಕೊಟ್ಟಿತು. ಚಿಕ್ಕ ಸಂಖ್ಯೆ, ಆದರೆ ಸಾಧನೆಗೆ ಬೆಲೆ ಇದೆ ಎಂದು ಒಪ್ಪಿಕೊಂಡ ಸಂಖ್ಯೆ.

ಬೇರೆ ಆಟಗಳು ಈ ಮಾತನ್ನು ಮೊದಲೇ ಒಪ್ಪಿದ್ದವು. 1978ರ ‘ರೂನ್‌ಕ್ವೆಸ್ಟ್’ನಲ್ಲಿ ಮಾಂತ್ರಿಕನ ಆತ್ಮಬಲವನ್ನು ಎದುರಾಳಿಯ ಆತ್ಮಬಲದ ಎದುರು ನೇರವಾಗಿ ತೂಗುತ್ತಿದ್ದರು. ಇಬ್ಬರೂ ಸಮನಾದರೆ ಮಂತ್ರ ನಾಟುವ ಸಾಧ್ಯತೆ ನೂರಕ್ಕೆ 50, ಅಂತರದ ಪ್ರತಿ ಅಂಕಕ್ಕೂ 5 ಏರುತ್ತದೆ ಅಥವಾ ಇಳಿಯುತ್ತದೆ. ಇಷ್ಟು ಸರಳವಾದ, ಇಷ್ಟು ನ್ಯಾಯವಾದ ನಿಯಮ ಮುಂದೆಯೂ ಹೆಚ್ಚು ಬಂದಿಲ್ಲ. ಸ್ಟೀವ್ ಜಾಕ್ಸನ್ ಅವರ ‘ಗರ್ಪ್ಸ್’ ಕೂಡ ಮಾಂತ್ರಿಕನ ಕೌಶಲಕ್ಕೂ ಎದುರಾಳಿಯ ತಾಳಿಕೆಗೂ ಪಂದ್ಯ ಹೂಡುತ್ತದೆ. ಆದರೆ ಅದಕ್ಕೊಂದು ಕಡಿವಾಣವಿದೆ: ಎದುರಾಳಿಯ ತಾಳಿಕೆಯೇ 16ನ್ನು ಮೀರದ ಹೊರತು ಮಾಂತ್ರಿಕನ ಕೌಶಲ ಎಷ್ಟೇ ಇದ್ದರೂ 16 ಎಂದೇ ಲೆಕ್ಕ.

ಜಾನಥನ್ ಟ್ವೀಟ್ ಮತ್ತು ಮಾರ್ಕ್ ರೈನ್‌ಹೇಗನ್ 1987ರಲ್ಲಿ ತಂದ ‘ಆರ್ಸ್ ಮ್ಯಾಜಿಕಾ’ ಮಧ್ಯಯುಗದ ಯುರೋಪಿನ ಮಾಂತ್ರಿಕರ ಆಟ. ಅಲ್ಲಿ ಮಂತ್ರ ಹಾಕಿ ಬಂದ ಒಟ್ಟು ಮೊತ್ತದಲ್ಲಿ ಮಂತ್ರದ ದರ್ಜೆಯನ್ನು ಕಳೆದಾಗ ಉಳಿಯುವುದೇ ಅದರ ಭೇದಕಶಕ್ತಿ. ಅದು ಎದುರಾಳಿಯ ರಕ್ಷೆಯನ್ನು ಮೀರಬೇಕು. ಹೀಗಾಗಿ ಕೈಲಾದಷ್ಟು ದೊಡ್ಡ ಮಂತ್ರ ಹಾಕಿದವನದು ರಕ್ಷೆಗೆ ಬಡಿದು ಬೀಳುತ್ತದೆ, ಚಿಕ್ಕ ಮಂತ್ರವನ್ನು ನಿರಾಳವಾಗಿ ಹಾಕಿದವನದು ಒಳನುಗ್ಗುತ್ತದೆ. ಎದುರಾಳಿಯ ಕೂದಲೋ ರಕ್ತವೋ ಕೈಗೆ ಸಿಕ್ಕಿದ್ದರೆ ಭೇದಕಶಕ್ತಿ ಇನ್ನೂ ಹೆಚ್ಚುತ್ತದೆ ಎಂದು 2004ರ ಐದನೆಯ ಆವೃತ್ತಿ ಲೆಕ್ಕ ಕೊಡುತ್ತದೆ. ಮಾಟ ಮಾಡುವವರು ಕೂದಲು, ಉಗುರು ಹುಡುಕುತ್ತಾರೆಂದು ಅಜ್ಜಿಯರಿಂದ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಟ್ವೀಟ್ ಮುಂದೆ ಮಾಂಟಿ ಕುಕ್, ಸ್ಕಿಪ್ ವಿಲಿಯಮ್ಸ್ ಜೊತೆ ಸೇರಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಮೂರನೆಯ ಆವೃತ್ತಿಯನ್ನು ರೂಪಿಸಿದರು. ವಿಜರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ 2000ದಲ್ಲಿ ಅದನ್ನು ಪ್ರಕಟಿಸಿದಾಗ ಐದು ಕಲಮುಗಳ ಹಳೆಯ ಕೋಷ್ಟಕ ಹೋಗಿ ಫಾರ್ಟಿಟ್ಯೂಡ್ (ದೇಹದ ತಾಳಿಕೆ), ರಿಫ್ಲೆಕ್ಸ್ (ಚುರುಕು), ವಿಲ್ (ಮನೋಬಲ) ಎಂಬ ಮೂರು ಸೇವ್‌ಗಳು ಬಂದವು. ಅದಕ್ಕಿಂತ ಮುಖ್ಯವಾಗಿ, ದಾಟಬೇಕಾದ ಸಂಖ್ಯೆ ಮಾಂತ್ರಿಕನ ಕೈಗೆ ಬಂತು. ಆಟಗಾರರು ‘ಡಿಸಿ’ ಎಂದು ಕರೆಯುವ ಆ ಸಂಖ್ಯೆ 10, ಮಂತ್ರದ ದರ್ಜೆ, ಮಾಂತ್ರಿಕನ ಬುದ್ಧಿ ಮೊದಲಾದ ಗುಣದಿಂದ ಬರುವ ಅಂಕ, ಈ ಮೂರರ ಮೊತ್ತ. ಅಲ್ಲಿಂದ ‘ಡಿಸಿ ಏರಿಸುವುದು’ ಎಂಬುದೇ ಒಂದು ಕಲೆಯಾಯಿತು. ‘ಸ್ಪೆಲ್ ಫೋಕಸ್’ ಎಂಬ ಫೀಟ್, ಅಂದರೆ ಪಾತ್ರ ಆರಿಸಿಕೊಳ್ಳುವ ವಿಶೇಷ ಸಾಮರ್ಥ್ಯ, ಒಂದು ಶಾಖೆಯ ಮಂತ್ರಗಳಿಗೆ 2 ಕೂಡಿಸುತ್ತಿತ್ತು. ‘ಗ್ರೇಟರ್ ಸ್ಪೆಲ್ ಫೋಕಸ್’ ಸೇರಿದರೆ 4. ‘ಹೈಟನ್ ಸ್ಪೆಲ್’ ಕೆಳದರ್ಜೆಯ ಮಂತ್ರವನ್ನು ಮೇಲಿನ ದರ್ಜೆಗೆ ಏರಿಸುತ್ತಿತ್ತು. ಮೇಲೆ ಬುದ್ಧಿ ಹೆಚ್ಚಿಸುವ ತಲೆಪಟ್ಟಿ ಬೇರೆ.

ಇಪ್ಪತ್ತು ಮುಖದ ದಾಳದಲ್ಲಿ ಒಂದೊಂದು ಅಂಕವೂ ನೂರಕ್ಕೆ 5. ಬುದ್ಧಿ 18 ಇರುವ ಮೊದಲ ಹಂತದ ಮಾಂತ್ರಿಕ ಸ್ಪೆಲ್ ಫೋಕಸ್ ಪಡೆದು ಮೊದಲ ದರ್ಜೆಯ ಮಂತ್ರ ಹಾಕಿದರೆ ಡಿಸಿ 17. ವಿಲ್ ಸೇವ್‌ನಲ್ಲಿ ಏನೂ ಕೂಡಿಕೆಯಿಲ್ಲದ ಯೋಧ ಪಾರಾಗುವುದು ಐದರಲ್ಲಿ ಒಂದು ಸಲ. ಒಂದೇ ಮಂತ್ರಕ್ಕೆ ಕತೆಯ ಖಳನಾಯಕ ಕೈಗೊಂಬೆಯಾಗುವ ಸಂಜೆಗಳು ಹೆಚ್ಚಿದವು. 2003ರ ತಿದ್ದಿದ ಆವೃತ್ತಿ ಎರಡೂ ಫೀಟ್‌ಗಳ ಬಲವನ್ನು ಅರ್ಧಕ್ಕಿಳಿಸಿತು, ಗಂಟೆಗಟ್ಟಲೆ ನಿಲ್ಲುತ್ತಿದ್ದ ಗುಣವರ್ಧಕ ಮಂತ್ರಗಳನ್ನು ನಿಮಿಷಗಳಿಗೆ ತಂದಿತು. ಅನೇಕ ಆಟಗಾರರಿಗೆ ನೋವಾದರೂ ಅದು ಬೇಕಿದ್ದ ತಿದ್ದುಪಡಿ.

ಸಂಖ್ಯೆಯನ್ನು ಮುಟ್ಟದೆಯೇ ಸೇವ್ ಅನ್ನು ಮುರಿಯುವ ದಾರಿಗಳೂ ಇವೆ. ಮೊದಲು ಹೆದರಿಸಿ ಎದುರಾಳಿಯ ಸೇವ್ ಇಳಿಸು, ಆಮೇಲೆ ದೊಡ್ಡ ಮಂತ್ರ ಹಾಕು ಎಂಬುದು ಹಳೆಯ ಜೋಡಿ ತಂತ್ರ. ಪೈಜೋ ಕಂಪನಿಯ ‘ಪಾತ್‌ಫೈಂಡರ್’ ಆಟದ 2010ರ ಪುಸ್ತಕವೊಂದು ಕೊಟ್ಟ ಮಾಟಗಾತಿಯ ‘ಈವಿಲ್ ಐ’, ಅಂದರೆ ಕೆಟ್ಟ ದೃಷ್ಟಿ, ಮಾಡುವುದು ಈ ಮೊದಲ ಕೆಲಸವನ್ನೇ. ಅದೇ ಪುಸ್ತಕದ ‘ಪರ್ಸಿಸ್ಟೆಂಟ್ ಸ್ಪೆಲ್’ ಎದುರಾಳಿಯನ್ನು ಎರಡು ಸಲ ಪಾರಾಗುವಂತೆ ಒತ್ತಾಯಿಸುತ್ತದೆ. ನೂರಕ್ಕೆ 45 ಇದ್ದ ಅವಕಾಶ ಆಗ ಸುಮಾರು 20ಕ್ಕೆ ಕುಸಿಯುತ್ತದೆ. ಡಿಸಿಗೆ 5 ಕೂಡಿಸಿದಷ್ಟೇ ಪರಿಣಾಮ.

‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ 2008ರ ನಾಲ್ಕನೆಯ ಆವೃತ್ತಿ ದಾಳವನ್ನೇ ಮಾಂತ್ರಿಕನಿಗೆ ಕೊಟ್ಟಿತು. ಅವನು ಕತ್ತಿ ಬೀಸಿದಂತೆ ಮಂತ್ರ ಬೀಸುತ್ತಿದ್ದ. ಸೇವ್ ಎಂಬ ಹೆಸರು ಉಳಿದದ್ದು ಮುಖ್ಯವಾಗಿ, ತಟ್ಟಿದ ಮಂತ್ರ ಪ್ರತಿ ಸರದಿಯ ಕೊನೆಗೆ ಬಿಡುತ್ತದೆಯೇ ಎಂದು ನೋಡಲು. ಗೋಲ ಹಿಡಿದ ಮಾಂತ್ರಿಕ ಆ ದಾಳದಿಂದಲೂ ತನ್ನ ವಿವೇಕದ ಅಂಕವನ್ನು ಕಳೆಯಬಲ್ಲವನಾಗಿದ್ದ.

2014ರ ಐದನೆಯ ಆವೃತ್ತಿಯಲ್ಲಿ ಡಿಸಿ ಮತ್ತೆ ಬಂತು, ಆದರೆ ಕಟ್ಟುಪಾಡಿನೊಂದಿಗೆ. ಮಂತ್ರದ ದರ್ಜೆ ಲೆಕ್ಕದಿಂದ ಹೊರಗಾಯಿತು. 8, ಪರಿಣತಿಯ ಅಂಕ, ಗುಣದ ಅಂಕ, ಇವಿಷ್ಟೇ ಮೊತ್ತ. ಗುಣ ಸಾಮಾನ್ಯವಾಗಿ 20ನ್ನು ದಾಟುವಂತಿಲ್ಲವಾದ್ದರಿಂದ ಮಾಂತ್ರಿಕ ವಸ್ತುಗಳ ನೆರವಿಲ್ಲದೆ ಡಿಸಿ 19ಕ್ಕೆ ನಿಲ್ಲುತ್ತದೆ. ಚಿಕ್ಕ ಮಂತ್ರವೂ ದೊಡ್ಡದರಷ್ಟೇ ಬಿಗಿ. ಅತ್ತ ಪರಿಣತಿಯಿಲ್ಲದ ಸೇವ್‌ಗಳು ಬೆಳೆಯುವುದೇ ಇಲ್ಲ. ಇಪ್ಪತ್ತನೆಯ ಹಂತದ ಯೋಧನೂ ವಿವೇಕದ ಸೇವ್‌ನಲ್ಲಿ ಮೊದಲ ದಿನದಷ್ಟೇ ಬಡವನಾಗಿರಬಹುದು. ದೊಡ್ಡ ರಾಕ್ಷಸರನ್ನು ಇದರಿಂದ ಕಾಪಾಡಲು ‘ಲೆಜೆಂಡರಿ ರೆಸಿಸ್ಟೆನ್ಸ್’ ಬಂತು: ಸಾಮಾನ್ಯವಾಗಿ ದಿನಕ್ಕೆ ಮೂರು ಸಲ, ಸೋತ ಸೇವ್ ಅನ್ನು ಗೆದ್ದದ್ದೆಂದು ಬದಲಿಸಿಕೊಳ್ಳುವ ಹಕ್ಕು. ಕಷ್ಟಪಟ್ಟು ಡಿಸಿ ಏರಿಸಿದ ಆಟಗಾರನಿಗೆ ಇದು ಕಹಿ. ಅವನ ಜಾಣ್ಮೆಗೆ ಉತ್ತರವಾಗಿ ಬಂದದ್ದು ಎದುರಾಳಿಯ ಜಾಣ್ಮೆಯಲ್ಲ, ಬರೀ ತಡೆ.

2019ರ ಎರಡನೆಯ ‘ಪಾತ್‌ಫೈಂಡರ್’ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ಸೇವ್‌ಗೆ ನಾಲ್ಕು ಬಗೆಯ ಫಲಗಳಿವೆ. ಪಾರಾದವನಿಗೂ ಅನೇಕ ಮಂತ್ರಗಳು ಅಲ್ಪಸ್ವಲ್ಪ ತಟ್ಟುತ್ತವೆ. ಎದುರಾಳಿಯನ್ನು ಪೂರ್ತಿ ನಿಷ್ಕ್ರಿಯಗೊಳಿಸುವ ಮಂತ್ರಗಳು ತಮಗಿಂತ ಬಹಳ ಮೇಲಿನವರ ಮೇಲೆ ಒಂದು ಮೆಟ್ಟಿಲು ಕೆಳಗಿನ ಫಲ ಕೊಡುತ್ತವೆ.

ಇತ್ತ ಐದನೆಯ ಆವೃತ್ತಿಯ ಕಟ್ಟುಪಾಡು ಮೆಲ್ಲಗೆ ಸಡಿಲವಾಗುತ್ತ ಬಂದಿದೆ. 2020ರ ‘ಟಾಷಾಸ್ ಕಾಲ್ಡ್ರನ್ ಆಫ್ ಎವೆರಿಥಿಂಗ್’ ಪುಸ್ತಕ ಬೇರೆ ಬೇರೆ ವರ್ಗದ ಮಾಂತ್ರಿಕರಿಗೆ ಡಿಸಿಯನ್ನು 1ರಿಂದ 3ರವರೆಗೆ ಏರಿಸುವ ವಸ್ತುಗಳನ್ನು ಕೊಟ್ಟಿತು. ಅದೇ ಪುಸ್ತಕದ ‘ಮೈಂಡ್ ಸ್ಲಿವರ್’ ಎಂಬ ಪುಟ್ಟ ಮಂತ್ರ ಎದುರಾಳಿಯ ಮುಂದಿನ ಸೇವ್‌ನಿಂದ ನಾಲ್ಕು ಮುಖದ ದಾಳವೊಂದನ್ನು ಕಳೆಯುತ್ತದೆ. 2024ರ ಹೊಸ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ನಲ್ಲಿ ಹುಟ್ಟು ಮಾಂತ್ರಿಕನಾದ ಸಾರ್ಸರರ್ ಮೊದಲ ಹಂತದಲ್ಲೇ ಒಂದು ನಿಮಿಷದ ಮಟ್ಟಿಗೆ ತನ್ನ ಡಿಸಿಗೆ 1 ಕೂಡಿಸಿಕೊಳ್ಳಬಲ್ಲ. ಎದುರಾಳಿ ಎರಡು ದಾಳ ಉರುಳಿಸಿ ಕಡಿಮೆಯದನ್ನೇ ಹಿಡಿಯುವಂತೆ ಮಾಡುವ ಅವನ ‘ಹೈಟನ್ಡ್ ಸ್ಪೆಲ್’ಗೆ ಮೊದಲು ತನ್ನ ಮಂತ್ರಶಕ್ತಿಯ ಮೂರು ಅಂಕ ತೆರಬೇಕಿತ್ತು, ಈಗ ಎರಡೇ ಸಾಕು.