ಹಾಲ್‌ಸ್ಟಾಟ್: ಕಿರಿದಾದ ನೆಲ ಕೇಳುವ ಪ್ರಶ್ನೆ

ಆಸ್ಟ್ರಿಯಾ ದೇಶದಲ್ಲಿ, ಡಾಖ್‌ಸ್ಟೈನ್ ಪರ್ವತಶ್ರೇಣಿಯ ಬುಡದಲ್ಲಿ, ಹಾಲ್‌ಸ್ಟಾಟ್ ಎಂಬ ಪುಟ್ಟ ಊರಿದೆ. ಮುಂದೆ ಉದ್ದನೆಯ ಸರೋವರ. ಹಿಂದೆ ಗೋಡೆಯಂತೆ ಎದ್ದು ನಿಂತ ಬೆಟ್ಟ. ನಡುವಣ ಕಿರಿದಾದ ಪಟ್ಟಿಯಲ್ಲಿ ಮನೆಗಳು ಒಂದರ ಹೆಗಲ ಮೇಲೊಂದು ಕುಳಿತಂತೆ ತೋರುತ್ತವೆ. ಸುಮಾರು 750 ಜನರಿರುವ ಈ ಊರಿಗೆ 2019ರಲ್ಲಿ ಹತ್ತಿರ ಹತ್ತಿರ ಹತ್ತು ಲಕ್ಷ ಪ್ರವಾಸಿಗರು ಬಂದರು. ಅವರಲ್ಲಿ ಅನೇಕರು ಒಂದೆರಡು ಗಂಟೆ ನಿಂತು, ಒಂದು ಛಾಯಾಚಿತ್ರ ತೆಗೆದುಕೊಂಡು ಹಿಂದಿರುಗುವವರು. ಆದರೆ ಈ ಊರನ್ನು ನೋಡುವ ಕ್ರಮವೇ ಬೇರೆ. ಇರುವ ಅಲ್ಪ ಜಾಗವನ್ನು ಯಾರೊಡನೆ ಹಂಚಿಕೊಳ್ಳಬೇಕು ಎಂಬ ಪ್ರಶ್ನೆ ಇಲ್ಲಿನ ಚರಿತ್ರೆಯುದ್ದಕ್ಕೂ ಕೇಳಿಬರುತ್ತದೆ.

ಯೂರೋಪಿನಲ್ಲಿ ನೆಲೆಸಿರುವ ಮಕ್ಕಳನ್ನು ಕಾಣಲು ಹೋಗುವ ನಮ್ಮ ಕುಟುಂಬಗಳು ಅಲ್ಲಿಗೆ ಹೋಗುವುದಾದರೆ ರೈಲಿನಲ್ಲಿ ಹೋಗುವುದು ಒಳ್ಳೆಯದು. 1877ರ ರೈಲುಮಾರ್ಗದ ನಿಲ್ದಾಣವಿರುವುದು ಸರೋವರದ ಆಚೆಯ ದಡದಲ್ಲಿ. ಅಲ್ಲಿಂದ ದೋಣಿಯಲ್ಲಿಯೇ ಊರಿಗೆ ಬರಬೇಕು. 1890ರಲ್ಲಿ ದಡದ ಬಂಡೆಯನ್ನು ಒಡೆದು ರಸ್ತೆ ಮಾಡುವವರೆಗೆ ದೋಣಿ ಮತ್ತು ಕಿರುದಾರಿಗಳಷ್ಟೇ ಈ ಊರಿನ ಹೆಬ್ಬಾಗಿಲಾಗಿದ್ದವು.

ಇಷ್ಟು ಇಕ್ಕಟ್ಟಿನ ತಾಣಕ್ಕೆ ಮನುಷ್ಯರು ಬಂದದ್ದೇಕೆ? ಉಪ್ಪಿಗಾಗಿ. ಬೆಟ್ಟದ ಮೇಲಣ ಕಣಿವೆಯಲ್ಲಿ ಮೂರು ಸಾವಿರ ವರ್ಷಗಳಿಗೂ ಹಿಂದೆಯೇ ಗಣಿಗಾರಿಕೆ ನಡೆದಿತ್ತು. 2003ರಲ್ಲಿ ಗಣಿಯೊಳಗೆ ದೊರೆತ ಮರದ ಮೆಟ್ಟಿಲಸಾಲು ಕ್ರಿಸ್ತಪೂರ್ವ 14ನೆಯ ಶತಮಾನದ್ದು. ಉಪ್ಪೇ ಅದನ್ನು ಕೊಳೆಯದಂತೆ ಕಾಪಾಡಿತು. ಗಣಿಯ ಅಧಿಕಾರಿಯಾಗಿದ್ದ ಯೋಹಾನ್ ಗೇಯೋರ್ಗ್ ರಾಮ್‌ಸೌವರ್ 1846ರಿಂದ 1863ರವರೆಗೆ ಅಲ್ಲಿನ ಪ್ರಾಚೀನ ಸ್ಮಶಾನವನ್ನು ಅಗೆದು, ಸುಮಾರು ಒಂದು ಸಾವಿರ ಸಮಾಧಿಗಳನ್ನು ವರ್ಣಚಿತ್ರಗಳೊಡನೆ ದಾಖಲಿಸಿದರು. ಯೂರೋಪಿನ ಆದಿ ಕಬ್ಬಿಣಯುಗಕ್ಕೆ ವಿದ್ವಾಂಸರು ಈ ಊರಿನ ಹೆಸರನ್ನೇ ಇಟ್ಟಿದ್ದಾರೆ. ಗಣಿ ಮತ್ತು ಊರಿನ ವಸ್ತುಸಂಗ್ರಹಾಲಯ, ಈ ಎರಡಕ್ಕೂ ಅರ್ಧ ದಿನವನ್ನಾದರೂ ಮೀಸಲಿಡಬೇಕು.

ಬಳಿಕ ಮೆಟ್ಟಿಲುಗಳನ್ನೇರಿ ಬೆಟ್ಟದ ಮಾತೆ ಮರಿಯಳ ಧರ್ಮಕೇಂದ್ರಕ್ಕೆ ಹೋಗೋಣ. ಸುಮಾರು ಐನೂರು ವರ್ಷಗಳ ಹಿಂದೆ ಲಿಯೋನ್‌ಹಾರ್ಡ್ ಆಸ್ಟ್ಲ್ ಎಂಬ ಶಿಲ್ಪಿ ಕಡೆದ ಪೀಠದಲ್ಲಿ ಮಾತೆ ಮರಿಯಳ ಒಂದು ಬದಿಗೆ ಗಣಿಗಾರರ ಪಾಲಕಿ ಸಂತ ಬಾರ್ಬರಾ, ಇನ್ನೊಂದು ಬದಿಗೆ ಸಂತ ಕ್ಯಾಥರೀನ್ ಇದ್ದಾರೆ. ದೇವಾಲಯದ ಪಕ್ಕದಲ್ಲಿಯೇ ಸ್ಮಶಾನ; ಅದನ್ನು ವಿಸ್ತರಿಸಲು ಬೆಟ್ಟವೂ ಬಿಡದು, ಸರೋವರವೂ ಬಿಡದು. ಆದುದರಿಂದ ಕೆಲವು ವರ್ಷಗಳ ನಂತರ ಸಮಾಧಿಯನ್ನು ತೆರೆದು, ಮೂಳೆಗಳನ್ನು ತೊಳೆದು, ತಲೆಬುರುಡೆಯನ್ನು ಬಿಸಿಲಿನಲ್ಲಿ ಬಿಳುಪಾಗಿಸಿ, ಅದರ ಮೇಲೆ ಮೃತರ ಹೆಸರನ್ನು ಬರೆದು ಹೂಬಳ್ಳಿಗಳ ಕಿರೀಟವನ್ನು ಚಿತ್ರಿಸುವ ರೂಢಿ ಬೆಳೆಯಿತು. ಸಂತ ಮೈಕೆಲರ ಪ್ರಾರ್ಥನಾಲಯದ ಅಸ್ಥಿಗೃಹದಲ್ಲಿ ಇಂಥ ಸಾವಿರದ ಇನ್ನೂರಕ್ಕೂ ಹೆಚ್ಚು ಬುರುಡೆಗಳಿವೆ, ಅರ್ಧದಷ್ಟು ಚಿತ್ರಿತವಾದವು. ಒಂದೇ ಕುಟುಂಬದವರನ್ನು ಅಕ್ಕಪಕ್ಕದಲ್ಲಿ ಇಡಲಾಗಿದೆ. ಕಡೆಯದಾಗಿ 1995ರಲ್ಲಿ, 1983ರಲ್ಲಿ ತೀರಿಕೊಂಡ ಮಹಿಳೆಯೊಬ್ಬರ ಬುರುಡೆ ಸೇರಿತು. ಧರ್ಮಸಭೆ 1963ರಲ್ಲಿ ಶವದಹನಕ್ಕೆ ಅನುಮತಿ ನೀಡಿದ ಮೇಲೆ ಸ್ಥಳದ ಒತ್ತಡವೂ ಕಡಿಮೆಯಾಯಿತು, ರೂಢಿಯೂ ನಿಂತಿತು. ನೋಡುವವರಿಗೆ ಇದು ಭಯಾನಕವೆನಿಸಬಹುದು. ಆದರೆ ಹೊಸಬರಿಗೆ ಸ್ಥಳ ಬಿಟ್ಟುಕೊಟ್ಟ ಹಳಬರ ಹೆಸರನ್ನು ಮಾತ್ರ ಅಳಿಸಲು ಮನಸ್ಸೊಪ್ಪದವರ ಪ್ರೀತಿ ಇಲ್ಲಿದೆ. ಒಂದೇ ಗೋರಿಯನ್ನು ಮತ್ತೆ ಮತ್ತೆ ತೆರೆಯಬೇಕಾದ ನಮ್ಮ ನಗರಗಳ ಧರ್ಮಕೇಂದ್ರಗಳಿಗೆ ಈ ಪ್ರೀತಿ ಅರ್ಥವಾಗದ್ದಲ್ಲ.

ಸತ್ತವರಿಗೆ ಹೀಗೆ ಸ್ಥಳ ಹುಡುಕಿದ ಊರು ಬದುಕಿದ್ದವರಿಗೆ ಸದಾ ಸ್ಥಳ ಕೊಡಲಿಲ್ಲ. 16ನೆಯ ಶತಮಾನದಲ್ಲಿ ಈ ಸೀಮೆಯ ಗಣಿಗಾರರಲ್ಲಿ ಬಹುಪಾಲು ಜನ ಲೂಥರರ ಬೋಧನೆಯನ್ನು ಅನುಸರಿಸಿದರು. ಕಥೋಲಿಕ ಅರಸರು ಅದನ್ನು ಬಲದಿಂದ ಹತ್ತಿಕ್ಕಿದಾಗ ಅನೇಕರು ಮನೆಯೊಳಗೆ ಗುಟ್ಟಾಗಿ ಬೈಬಲ್ ಓದುತ್ತಾ ತಲೆಮಾರುಗಳನ್ನು ಕಳೆದರು. 1734ರಲ್ಲಿ ಚಕ್ರವರ್ತಿ ಆರನೆಯ ಚಾರ್ಲ್ಸ್ ಆಜ್ಞೆಯಂತೆ ಈ ಸೀಮೆಯ ಪ್ರೊಟೆಸ್ಟೆಂಟ್ ಕುಟುಂಬಗಳನ್ನು ದೋಣಿಗಳಲ್ಲಿ ತುಂಬಿ ದೂರದ ಟ್ರಾನ್ಸಿಲ್ವೇನಿಯಕ್ಕೆ ಸಾಗಿಸತೊಡಗಿದರು. ಅದೇ 1734ರಲ್ಲಿ ಗಣಿಯೊಳಗೆ ಉಪ್ಪಿನಲ್ಲಿ ಹುದುಗಿದ್ದ ಪ್ರಾಚೀನ ಗಣಿಗಾರನೊಬ್ಬನ ಶವ ಸಿಕ್ಕಿತು. ಕ್ರೈಸ್ತನಲ್ಲವೆಂಬ ಕಾರಣಕ್ಕೆ ಅವನನ್ನು ಸ್ಮಶಾನದ ಮೂಲೆಯಲ್ಲಿ, ಆತ್ಮಹತ್ಯೆ ಮಾಡಿಕೊಂಡವರಿಗೆ ಬಿಟ್ಟ ಜಾಗದಲ್ಲಿ ಹೂಳಿದರೆಂದು ಹೇಳುತ್ತಾರೆ. ಬದುಕಿದ್ದ ನೆರೆಯವರು ಗಡಿಯಾಚೆಗೆ, ಸತ್ತ ಪೂರ್ವಿಕನು ಮೂಲೆಗೆ! ಕಥೋಲಿಕರಾದ ನಾವು ಈ ಪುಟವನ್ನು ತಿರುವಿ ಹಾಕದೆ ಓದಬೇಕು.

1781ರಲ್ಲಿ ಚಕ್ರವರ್ತಿ ಎರಡನೆಯ ಜೋಸೆಫ್ ಸಹಿಷ್ಣುತೆಯ ಶಾಸನ ಹೊರಡಿಸಿದನು. ಆದರೂ ಪ್ರೊಟೆಸ್ಟೆಂಟರ ಪ್ರಾರ್ಥನಾಮಂದಿರಕ್ಕೆ ಗೋಪುರವಿರಬಾರದು, ಗಂಟೆಯಿರಬಾರದು, ಬೀದಿಗೆ ಬಾಗಿಲಿರಬಾರದು. ಸಮಾನ ಹಕ್ಕು ದೊರೆತದ್ದು 1861ರಲ್ಲಿ. 1863ರಲ್ಲಿ ಸರೋವರದ ದಡದಲ್ಲಿಯೇ ಅವರ ದೇವಾಲಯ ಪೂರ್ಣಗೊಂಡಿತು. ಇಂದು ಜಗತ್ತೆಲ್ಲ ಮೆಚ್ಚುವ ಹಾಲ್‌ಸ್ಟಾಟ್‌ನ ಚಿತ್ರದಲ್ಲಿ ನೀರಂಚಿನಲ್ಲಿ ಎದ್ದು ಕಾಣುವ ಚೂಪಾದ ಗೋಪುರ ಆ ದೇವಾಲಯದ್ದೇ. ಒಮ್ಮೆ ನಿಷೇಧಕ್ಕೊಳಗಾದ ಗೋಪುರವೇ ಊರಿನ ಗುರುತಾಗಿದೆ. ಎರಡೂ ದೇವಾಲಯಗಳಲ್ಲಿ ಒಂದಿಷ್ಟು ಹೊತ್ತು ಮೌನವಾಗಿ ಕುಳಿತು ಬರುವುದು ಪ್ರವಾಸಿಗನು ಮಾಡಬಹುದಾದ ಉತ್ತಮ ಕಾರ್ಯ. ಪರಮಪ್ರಸಾದದ ಮಹೋತ್ಸವದ ಗುರುವಾರ ಅಲ್ಲಿರುವ ಭಾಗ್ಯ ದೊರೆತರೆ, ದೋಣಿಗಳಲ್ಲಿ ಸಾಗುವ ಮೆರವಣಿಗೆಯನ್ನು ಕಾಣಬಹುದು. ನೆಲ ಸಾಲದ ಊರಿನಲ್ಲಿ ಸರೋವರವೇ ಬೀದಿಯಾಗುತ್ತದೆ.

1997ರಲ್ಲಿ ಯುನೆಸ್ಕೋ ಈ ಸೀಮೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. 2012ರಲ್ಲಿ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಈ ಊರಿನ ಪ್ರತಿಕೃತಿಯೇ ತಲೆಯೆತ್ತಿತು. ಜನಜಂಗುಳಿ ಮಿತಿಮೀರಿ, 2020ರಲ್ಲಿ ಪ್ರವಾಸಿ ಬಸ್ಸುಗಳಿಗೆ ಸಮಯ ಕಾದಿರಿಸುವ ನಿಯಮ ಬಂತು. 2023ರ ಆಗಸ್ಟಿನಲ್ಲಿ ನಿವಾಸಿಗಳು ರಸ್ತೆಗಿಳಿದು ಪ್ರತಿಭಟಿಸಿದರು. ಹಳೆಯ ಪ್ರಶ್ನೆ ಹೀಗೆ ಹೊಸ ರೂಪದಲ್ಲಿ ಮರಳಿದೆ. ಈ ಸಲ ಸ್ಥಳ ಕೇಳುತ್ತಿರುವವರು ನಾವು, ಪ್ರವಾಸಿಗರು. ಹೋಗುವವರು ಒಂದು ರಾತ್ರಿ ಅಲ್ಲಿ ತಂಗಲಿ, ತಗ್ಗಿದ ದನಿಯಲ್ಲಿ ಮಾತನಾಡಲಿ, ಮನೆಯಂಗಳಗಳನ್ನು ಚಿತ್ರಪಟವೆಂದು ಬಗೆಯದಿರಲಿ. ಅಸ್ಥಿಗೃಹದಲ್ಲಿ ಕ್ಯಾಮೆರಾ ತೆಗೆಯುವ ಮೊದಲು ಅಲ್ಲಿ ಬರೆದಿರುವ ಹೆಸರುಗಳಲ್ಲಿ ಒಂದನ್ನಾದರೂ ಓದಿ, ಆ ಆತ್ಮಕ್ಕಾಗಿ ಒಂದು ಪ್ರಾರ್ಥನೆಯನ್ನು ಸಲ್ಲಿಸಲಿ.